ತಡವಾಗಿ ಬರಬೇಕಾದ ಚಪ್ಪಾಳೆ

ಇಸವಿ ೨೩೧೧, ಮೀನುಗಳು ನಿದ್ರಿಸುವ ತಿಂಗಳ ನಲವತ್ತನೆಯ ದಿನ
ತೇಲೂರು, ತುಂಗಭದ್ರೆಯ ಹಿನ್ನೀರು

ಮುನ್ನೂರು ವರ್ಷ ಹಿಂದೆ, ನಿಮ್ಮ ಕಾಲದ ಇಂದಿನ ಬೆಳಗ್ಗೆ, ಚಾಪೆಯ ಮೇಲೆ ಮಲಗಿ ಕಾಲು ಚಾಚಿಸಿಕೊಳ್ಳುತ್ತಿರುವ ಮಕ್ಕಳಿಗೂ, ಆ ಕಾಲು ಹಿಡಿದು ಕೂತ ಹಿರಿಯರಿಗೂ, ಹನ್ನೊಂದು ವರ್ಷದ ಹುಲಿಗೆಮ್ಮಳಾದ ನಾನು ಮಾಡುವ ವಿಜ್ಞಾಪನೆ. ನಡುವೆ ಗುರುತಿಲ್ಲದ ಪದ ಬಂದರೆ ಕ್ಷಮಿಸಬೇಕು. ನಿಮ್ಮ ಪದಗಳನ್ನು ನಾವು ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ.

ನಮ್ಮೂರು ನೀರಿನ ಮೇಲಿದೆ. ರಾತ್ರಿ ಮನೆಗಳು ಇದ್ದ ಜಾಗ ಬಿಟ್ಟು ಮೆಲ್ಲಗೆ ಸರಿಯುತ್ತವೆ. ಬೆಳಗ್ಗೆ ಎದ್ದವರು ಇವತ್ತಿನ ನೆರೆಯವರು ಯಾರೆಂದು ಮೊದಲು ವಿಚಾರಿಸುತ್ತಾರೆ. ಇಷ್ಟೆಲ್ಲ ಮುಂದುವರಿದರೂ ನನ್ನ ಕಾಲುಗಳು ಮಾತ್ರ ಹಳೆಯ ಕಾಲದವೇ. ಹುಟ್ಟುವ ಹೊತ್ತಿಗೆ ಮೆದುಳಿಗೆ ತಗಲಿದ ಪೆಟ್ಟಿನಿಂದ ಸ್ನಾಯುಗಳು ಸದಾ ಬಿಗಿ. ಹಿಮ್ಮಡಿ ನೆಲ ಮುಟ್ಟದು. ಅದಕ್ಕೆಂದೇ ದಿನವೂ ಹದಗಾರ್ತಿ ಬಸಲಿಂಗಮ್ಮ ಬರುತ್ತಾರೆ. ಹದಗಾರ್ತಿ ಎಂದರೆ ಬಿಗಿದದ್ದನ್ನು ಹದಕ್ಕೆ ತರುವವರು. ಮೀನಖಂಡಕ್ಕೆ ಬೆಚ್ಚನೆಯ ಮರಳಿನ ಚೀಲ ಇಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತುತ್ತಾರೆ. ಸ್ನಾಯು ತಡೆದಲ್ಲಿ ತಾವೂ ತಡೆಯುತ್ತಾರೆ. ಮುಂದೆ ಒತ್ತುವುದೂ ಇಲ್ಲ, ಬಿಡುವುದೂ ಇಲ್ಲ. ಮೊಸರು ಹೆಪ್ಪಾಗಲು ಕಾದಂತೆ ಸುಮ್ಮನೆ ಕಾಯುತ್ತಾರೆ. ಆಮೇಲೆ ಎಲ್ಲೋ ಒಳಗೆ, ಹಗ್ಗ ಬಿಚ್ಚಿದ ದೋಣಿಯ ಹಾಗೆ, ಕಾಲು ತೇಲಿಕೊಂಡು ಹೋಗುತ್ತದೆ.

ನನ್ನ ಆಸೆ ಒಂದೇ: ಹರಿಗೋಲಿನಲ್ಲಿ ನಿಂತು ಹುಟ್ಟು ಹಾಕುವುದು. ಎರಡೂ ಹಿಮ್ಮಡಿ ಊರುವ ತನಕ ಹುಟ್ಟು ಮುಟ್ಟಬಾರದೆಂಬುದು ನನ್ನ ಅಜ್ಜ ಯಂಕೋಬನ ಕಟ್ಟಳೆ. ನಿನ್ನೆ, ದಡಕ್ಕೆ ಕಟ್ಟಿದ ಹರಿಗೋಲಿನಲ್ಲಿ ನಿಂತಾಗ, ಎರಡೂ ಊರಿದವು. ದಡದಲ್ಲಿದ್ದ ಅಜ್ಜ ಭಲೇ ಎಂದು ಕೂಗಿ ಚಪ್ಪಾಳೆ ತಟ್ಟಿದ. ಬೆಚ್ಚಿದ ಕಾಲುಗಳು ಕತ್ತರಿಯಂತೆ ಬಿಗಿದವು, ಹಿಮ್ಮಡಿ ಹಾರಿತು, ನಾನು ನೀರಿಗೆ ಬಿದ್ದೆ; ಎತ್ತಲು ಬಂದ ಅಜ್ಜನೂ ಬಿದ್ದ. ಒದ್ದೆ ಧೋತರದಲ್ಲಿ ಕೂತು, ಇನ್ನು ಹರಿಗೋಲಿನ ಮಾತೇ ಎತ್ತಬೇಡ ಎಂದ. ಬಸಲಿಂಗಮ್ಮ ನನ್ನ ತಲೆ ಒರೆಸುತ್ತ ಹೇಳಿದರು: "ಹುಡುಗಿ ಕಾಲು ಬರೋಬ್ಬರಿ ಅದಾವ್ರಿ ಯಜಮಾನ್ರ. ಅವಸರ ಮಾಡಿದ್ದು ನಿಮ್ಮ ಕೈ."

ಕೂಡಲೇ ನಾನು ಘನ ನ್ಯಾಯಸಭೆ ಕರೆದೆ. ಫಿರ್ಯಾದಿ ನಾನೇ, ನ್ಯಾಯಾಧೀಶೆಯೂ ನಾನೇ. ಅಜ್ಜನಿಗೆ ಇನ್ನೊಂದು ಅವಕಾಶ ಕೊಡಲಾಯಿತು. ಜೊತೆಗೆ ತಡೆಹಿಗ್ಗಿನ ಶಿಕ್ಷೆ, ಅಂದರೆ ಉಕ್ಕಿದ ಹಿಗ್ಗನ್ನು ಕೆಲಸ ಮುಗಿಯುವ ತನಕ ಒಳಗೇ ಇಟ್ಟುಕೊಳ್ಳುವುದು.

ಇಂದು ಅಜ್ಜ ದಡದಲ್ಲಿ ತನ್ನ ಎರಡೂ ಅಂಗೈಗಳ ಮೇಲೆ ಕೂತ. ಹರಿಗೋಲಿನಲ್ಲಿ ನಿಂತ ನನ್ನ ಹಿಮ್ಮಡಿಗಳು ಊರಿದವು. ಅವನ ಮೀಸೆ ನಡುಗಿತು, ಕಣ್ಣು ತುಂಬಿತು, ಕೈ ಏಳಲಿಲ್ಲ. ಹುಟ್ಟು ಕೊಡಿ ಎಂಬಂತೆ ತಲೆಯಾಡಿಸಿದ. ಹರಿಗೋಲಿನಲ್ಲಿ ನನ್ನ ಜೊತೆಗಿದ್ದ ಬಸಲಿಂಗಮ್ಮ ಅದನ್ನು ನನ್ನ ಕೈಗಿತ್ತರು. ಹರಿಗೋಲು ಮಂಜಿನೊಳಗೆ ಒಂದು ಸುತ್ತು ಸುತ್ತಿ, ಯೋಚಿಸಿ, ನನ್ನ ಮಾತು ಕೇಳಿತು. ಆಚೆ ದಡ ಮುಟ್ಟಿ ನಾನು ಕೂತ ಮೇಲೆ, ಮಂಜಿನಲ್ಲಿ ಕಾಣದ ಈಚೆ ದಡದಿಂದ ಅಜ್ಜನ ಚಪ್ಪಾಳೆ ನೀರಿನ ಮೇಲೆ ತೇಲಿ ಬಂತು.

ಆದ್ದರಿಂದ ಹಿರಿಯರೇ, ನಿಮ್ಮ ಮಗುವಿನ ಹಿಮ್ಮಡಿ ನೆಲ ಮುಟ್ಟಿದ ದಿನ ದಯವಿಟ್ಟು ನಿಮ್ಮ ಕೈಗಳ ಮೇಲೆ ಕೂತುಕೊಳ್ಳಿ. ಮಗು ಕೂತ ಮೇಲೆ ತಟ್ಟಿ. ತಡವಾಯಿತೆಂದು ಮರುಗಬೇಡಿ. ಇಲ್ಲಿ ಮಂಜು ದಟ್ಟವಾದ ಬೆಳಗುಗಳಲ್ಲಿ, ಯಾರೂ ಇಲ್ಲದ ದಡದಿಂದ ಚಪ್ಪಾಳೆ ಕೇಳಿಬರುವುದುಂಟು. ನಿಮ್ಮದೇ ಇರಬೇಕೆಂದು ನಾವು ಹುಟ್ಟು ನಿಲ್ಲಿಸಿ ಕೇಳುತ್ತೇವೆ.

ಎರಡೂ ಹಿಮ್ಮಡಿ ಊರಿ ಬರೆದವಳು,
ಹುಲಿಗೆಮ್ಮ