ಜ್ವರ ಅವಳದು, ಸುಳ್ಳು ನನ್ನದು

ಪರೀಕ್ಷಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಜರ್ಮನಿಯ ನಿಮ್ಮ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎನರ್ಜಿ ಎಂಜಿನಿಯರಿಂಗ್ ಮಾಸ್ಟರ್ಸ್ ಓದುತ್ತಿರುವ ನೇಹಾ ಎಂಬ ಹುಡುಗಿಯ ಮೇಲೆ ನೀವು ವಂಚನೆಯ ಆರೋಪ ಹೊರಿಸಿದ್ದೀರಿ. ಫೆಬ್ರವರಿಯ ಹೀಟ್ ಟ್ರಾನ್ಸ್‌ಫರ್ ಪರೀಕ್ಷೆಗೆ ಗೈರುಹಾಜರಾಗಿ, ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಿದಳು ಎಂಬುದು ಆರೋಪ. ಅವಳನ್ನು ಉಳಿಸಿಕೊಳ್ಳಬೇಕೋ ಹೊರಹಾಕಬೇಕೋ ಎಂದು ಮುಂದಿನ ತಿಂಗಳ ಸಭೆಯಲ್ಲಿ ತೀರ್ಮಾನಿಸಲಿದ್ದೀರಿ. ಪ್ರಮಾಣಪತ್ರ ಸುಳ್ಳು ಎಂಬುದು ನಿಜ. ಆದರೆ ಅದನ್ನು ಸಲ್ಲಿಸಿದವಳು ನೇಹಾ ಅಲ್ಲ. ಸಲ್ಲಿಸಿದಾತ ಆ ಹೊತ್ತಿನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಫ್ರಿಸ್ಕೋ ಎಂಬ ಊರಿನಲ್ಲಿ, ಪೈಜಾಮ ಹಾಕಿಕೊಂಡು, ಬೆಳಗಿನ ಕಾಫಿ ಕುಡಿಯುತ್ತಾ ಕಂಪ್ಯೂಟರ್ ಮುಂದೆ ಕೂತಿದ್ದ. ಅದು ನಾನು.

ಇದನ್ನು ನಿಮಗೆ ಸದ್ದಿಲ್ಲದೆ ತಿಳಿಸಲು ಪ್ರಯತ್ನಿಸಿದೆ. ಐದು ಇಮೇಲ್ ಕಳಿಸಿದೆ. ನಾಲ್ಕಕ್ಕೆ ಉತ್ತರವಿಲ್ಲ. ಐದನೆಯದಕ್ಕೆ ಎರಡು ಸಾಲು ಬಂತು: ಮಾಹಿತಿ ಸಂರಕ್ಷಣೆಯ ಕಾರಣ ವಿದ್ಯಾರ್ಥಿಯ ವಿಷಯವನ್ನು ಮೂರನೆಯ ವ್ಯಕ್ತಿಗಳೊಂದಿಗೆ ಚರ್ಚಿಸಲಾಗದು. ನಾನು ನಿಮ್ಮನ್ನು ಚರ್ಚೆಗೆ ಎಲ್ಲಿ ಕರೆದಿದ್ದೆ, ಸ್ವಾಮಿ? ಕಳ್ಳನೇ ಠಾಣೆಗೆ ಬಂದು ಕೈ ಮುಂದೆ ಚಾಚಿದರೆ, ‘ನೀವು ಈ ಪ್ರಕರಣಕ್ಕೆ ಸಂಬಂಧಪಟ್ಟವರಲ್ಲ, ದಯವಿಟ್ಟು ಹೊರಡಿ’ ಎನ್ನುವ ಪೊಲೀಸರನ್ನು ಎಲ್ಲಾದರೂ ಕಂಡಿದ್ದೀರಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮಲ್ಲಿ ಒಂದು ಗಾದೆ. ನಿಮ್ಮಲ್ಲಿ ವ್ಯವಸ್ಥೆ ಇನ್ನೂ ಅಚ್ಚುಕಟ್ಟು: ಜ್ವರ ಬಂದದ್ದೂ ನೇಹಾಳಿಗೆ, ಬರೆಯೂ ನೇಹಾಳಿಗೆ. ಕಬ್ಬಿಣ ಕಾಯಿಸಿದವನು ಮಾತ್ರ ಮೂರನೆಯ ವ್ಯಕ್ತಿ. ಖಾಸಗಿ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಈ ಬಹಿರಂಗ ಪತ್ರ. ಜರ್ಮನ್ ಅನುವಾದವನ್ನು ದೃಢೀಕರಿಸಿ ನಿಮಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ಕೊಟ್ಟಿರುವುದು ಬೇರೆ ಕಾರಣಕ್ಕೆ. ನನ್ನ ಸಲಹೆಯನ್ನು ನಂಬಿದವರೆಲ್ಲ ಅದನ್ನೇ ಓದುತ್ತಾರೆ.

ನನ್ನ ಪರಿಚಯ ಹೇಳಬೇಕು. ಮೂವತ್ತೊಂದು ವರ್ಷ ತೈಲ ಸಂಸ್ಕರಣಾ ಘಟಕಗಳ ಶಟ್‌ಡೌನ್ ಯೋಜನೆ ಮಾಡಿದವನು ನಾನು. ಘಟಕವನ್ನು ಕೆಲವು ವಾರ ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಚಾಲೂ ಮಾಡಬೇಕು. ಯಾವ ಕೆಲಸದ ಹಿಂದೆ ಯಾವುದು, ಯಾರು ಎಷ್ಟು ಗಂಟೆ ಎಂಬ ಪಟ್ಟಿಯನ್ನು ನಾನು ಇದೇ ರಾಜ್ಯದ ದ ವುಡ್‌ಲ್ಯಾಂಡ್ಸ್ ಎಂಬ ಊರಿನ ಆಫೀಸಿನಲ್ಲಿ ಕೂತು ತಯಾರಿಸುತ್ತಿದ್ದೆ. ಒಂದು ಘಟಕವೂ ನನ್ನ ಪಟ್ಟಿಯಿಂದಾಗಿ ತಡವಾಗಿ ಚಾಲೂ ಆದದ್ದಿಲ್ಲ ಎಂದು ಈಗಲೂ ಊಟಕ್ಕೆ ಬಂದವರ ಮುಂದೆ ಹೇಳುತ್ತೇನೆ, ಹೆಂಡತಿ ಅಡುಗೆಮನೆಗೆ ಎದ್ದು ಹೋಗುವಷ್ಟು ಸಲ ಹೇಳಿದ್ದೇನೆ. ನಿವೃತ್ತಿಯಾಗಿ ಫ್ರಿಸ್ಕೋಗೆ ಬಂದ ಮೇಲೆ ಯೋಜನೆ ಹಾಕಲು ಘಟಕಗಳಿರಲಿಲ್ಲ. ಊರವರ ಮಕ್ಕಳಿದ್ದರು. ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ಅಪ್ಪ ಅಮ್ಮಂದಿರು ಮಕ್ಕಳ ಮಾರ್ಕ್ಸ್ ಕಾರ್ಡ್ ಹಿಡಿದು ನನ್ನ ಸುತ್ತ ನಿಲ್ಲುತ್ತಿದ್ದರು. ‘ಮುರಳೀಧರ್ ಅಂಕಲ್ ಹೇಳಿದ್ರೆ ಮುಗೀತು’ ಎಂಬ ಮಾತು ಈ ಊರಿನಲ್ಲಿ ಹೇಗೋ ಹುಟ್ಟಿಕೊಂಡಿತು. ಆ ಮಾತು ನನಗೆ ಕಹಿಯೇನೂ ಆಗಿರಲಿಲ್ಲ.

ಹತ್ತಿರದ ಕ್ಯಾರಲ್ಟನ್ ಊರಿನಲ್ಲಿ ಗ್ರಾನೈಟ್ ಅಂಗಡಿ ಇಟ್ಟಿರುವ ಇರಣ್ಣನವರು ಹಾಗೆ ಬಂದವರಲ್ಲಿ ಒಬ್ಬರು. ಮಗಳು ನೇಹಾ ಎಂಟನೇ ಕ್ಲಾಸಿನಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದವಳು. ಇಲ್ಲೇ ಡಿಗ್ರಿ ಮಾಡಿ, ಗಾಳಿಯಂತ್ರಗಳ ಬಗ್ಗೆ ಓದಬೇಕೆಂದು ತಾನೇ ಹುಡುಕಿ, ತಾನೇ ಅರ್ಜಿ ಹಾಕಿ ನಿಮ್ಮಲ್ಲಿ ಸೀಟು ಪಡೆದಳು. ಅಲ್ಲಿಯವರೆಗೆ ನನ್ನ ಸಹಾಯ ಅವಳಿಗೆ ಬೇಕಾಗಿರಲಿಲ್ಲ, ಗಮನಿಸಿ. ಅಪ್ಪ ಕರೆತಂದು ನನ್ನ ಮುಂದೆ ಕೂರಿಸಿದರು. ‘ಸರ, ಅಲ್ಲಿ ಹೆಂಗ್ ಓದಬೇಕು ಅಂತ ಒಂದ್ ಪ್ಲ್ಯಾನ್ ಹಾಕಿ ಕೊಡ್ರಿ’ ಎಂದರು. ನನಗೆ ಜರ್ಮನಿ ಎಷ್ಟು ಗೊತ್ತಿತ್ತು? ಫ್ರಾಂಕ್‌ಫರ್ಟ್‌ನಲ್ಲಿ ಮೂರು ಸಲ ವಿಮಾನ ಬದಲಿಸಿದ್ದೆ. ಗೊತ್ತಿಲ್ಲ ಎಂದು ಹೇಳುವುದಕ್ಕೆ ಆ ದಿನ ನನಗೆ ಬಾಯಿ ಬರಲಿಲ್ಲ.

ನಿಮ್ಮ ಪಠ್ಯಯೋಜನೆ ನಾಲ್ಕು ಸೆಮಿಸ್ಟರಿನದು. ನಾನು ಮೂರಕ್ಕೆ ಇಳಿಸಿದೆ. ಮೊದಲ ಸೆಮಿಸ್ಟರಿಗೇ ಆರು ವಿಷಯ, ಆರು ಪರೀಕ್ಷೆ, ಹತ್ತೊಂಬತ್ತು ದಿನದಲ್ಲಿ. ಅವಳು ಮೆತ್ತಗೆ ಹೇಳಿದಳು, ‘ಅಂಕಲ್, ಅಲ್ಲಿ ಸೀನಿಯರ್ಸ್ ಮೊದಲಿಗೆ ನಾಕs ತಗೋ ಅಂತಾರ್ರಿ. ಮನಿ ಹುಡುಕೂದು, ಜರ್ಮನ್ ಕಲಿಯೂದು, ಎಲ್ಲಾ ಇರ್ತದಂತ.’ ಸೀನಿಯರ್‌ಗಳ ಮಾತು ಕೇಳಿದರೆ ಸೀನಿಯರ್ ಆಗಿಯೇ ಉಳಿಯುತ್ತೀಯ ಎಂದು ನಾನು ಹಾಸ್ಯ ಮಾಡಿದೆ. ಇರಣ್ಣನವರು ನಕ್ಕರು. ಅವಳೂ ನಗಬೇಕಾಯಿತು. ಪರೀಕ್ಷೆಗೆ ನೋಂದಣಿ ಮಾಡುವ ಕೊನೆಯ ದಿನ ತಪ್ಪಬಾರದೆಂದು ನಿಮ್ಮ ವಿದ್ಯಾರ್ಥಿ ಪೋರ್ಟಲ್‌ಗೆ ಅವಳ ಪಾಸ್‌ವರ್ಡ್ ಕೇಳಿ ಇಸಿದುಕೊಂಡು, ನೋಂದಣಿಯನ್ನು ಇಲ್ಲಿಂದ ನಾನೇ ಮಾಡಿದೆ. ಶಟ್‌ಡೌನ್ ಪಟ್ಟಿ ಮಾಡುವಾಗ ಒಂದು ಪಂಪು ಕೈಕೊಟ್ಟರೆ ಇರಲಿ ಎಂದು ಎರಡು ದಿನ ಬಿಡುವು ಇಡುತ್ತಿದ್ದ ಮನುಷ್ಯ, ಇಪ್ಪತ್ಮೂರು ವರ್ಷದ ಹುಡುಗಿಗೆ ಅರ್ಧ ದಿನವನ್ನೂ ಇಡಲಿಲ್ಲ.

ನಾಲ್ಕನೆಯ ಪರೀಕ್ಷೆ ಹೀಟ್ ಟ್ರಾನ್ಸ್‌ಫರ್, ನಿಮ್ಮಲ್ಲಿ ಮಧ್ಯಾಹ್ನ ಮೂರಕ್ಕೆ. ಅವಳ ಫೋನ್ ಬಂದಾಗ ನಮ್ಮಲ್ಲಿ ಬೆಳಿಗ್ಗೆ ಆರು, ನಿಮ್ಮಲ್ಲಿ ಒಂದು ಗಂಟೆ. ದನಿ ಬಿದ್ದುಹೋಗಿತ್ತು.

‘ಅಂಕಲ್, ನೂರಾ ಮೂರು ಜ್ವರ ಅದರಿ. ಎರಡು ಸಲ ವಾಂತಿ ಆತು. ಎರಡು ಓಣಿ ದಾಟಿದ್ರ ಡಾಕ್ಟರ್ ಅದಾರಂತ. ರೂಮ್‌ಮೇಟ್ ಕರ್ಕೊಂಡು ಹೋಗ್ತೀನಿ ಅಂತಾಳ. ಚೀಟಿ ತಗೋಬೇಕಂತ್ರಿ.’

‘ಈ ಚಳೀಲಿ ಎಲ್ಲಿಗೂ ಹೋಗ್ಬೇಡ. ಸುಮ್ನೆ ಮಲಕ್ಕೋ. ನಮ್ಮನೇಲೇ ಡಾಕ್ಟರ್ ಇದಾರಲ್ಲ, ಆಂಟಿ ಹತ್ರ ಚೀಟಿ ಬರೆಸ್ತೀನಿ.’

‘ಆಂಟೀದು ನಡೀತದೇನ್ರಿ ಇಲ್ಲಿ?’

‘ಡಾಕ್ಟರ್ ಅಂದ್ರೆ ಡಾಕ್ಟರ್ ಕಣಮ್ಮ. ನಾನು ನೋಡ್ಕೋತೀನಿ.’

ಅವಳು ಮಲಗಿದಳು. ನನ್ನ ಹೆಂಡತಿ ಚಂದ್ರಪ್ರಭಾ ವೈದ್ಯೆ, ಈಗಲೂ ವಾರಕ್ಕೆ ಮೂರು ದಿನ ಕ್ಲಿನಿಕ್‌ಗೆ ಹೋಗುತ್ತಾಳೆ. ನೇಹಾಳ ಜೊತೆ ಫೋನಿನಲ್ಲಿ ಮಾತಾಡಿ, ನೀರು ಕುಡಿಯುತ್ತಿರು, ಸಂಜೆಯೊಳಗೆ ಇಳಿಯದಿದ್ದರೆ ಡಾಕ್ಟರಲ್ಲಿಗೆ ಹೋಗಲೇಬೇಕು ಎಂದು ಹೇಳಿ, ನನ್ನ ಒತ್ತಾಯಕ್ಕೆ ನಾಲ್ಕು ಸಾಲು ಟೈಪ್ ಮಾಡಿ ಕೊಟ್ಟು ಕೆಲಸಕ್ಕೆ ಹೊರಟಳು. ‘ರೋಗಿ ಫೋನಿನಲ್ಲಿ ತಿಳಿಸಿದ ಲಕ್ಷಣಗಳ ಪ್ರಕಾರ’ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಓದಿ ನೋಡಿದೆ. ತೂಕ ಸಾಲದು ಅನ್ನಿಸಿತು. ಆ ಮಾತನ್ನು ಅಳಿಸಿ, ‘ರೋಗಿಯನ್ನು ಈ ದಿನ ಸ್ವತಃ ಪರೀಕ್ಷಿಸಿದ್ದೇನೆ’ ಎಂದು ಬರೆದೆ. ಹೆಂಡತಿಯ ಸಹಿಯ ಸ್ಕ್ಯಾನ್ ನನ್ನ ಕಂಪ್ಯೂಟರಿನಲ್ಲಿತ್ತು, ಮನೆಯ ಕಾಗದಪತ್ರಗಳಿಗೆಂದು ಇಟ್ಟುಕೊಂಡದ್ದು. ಅಂಟಿಸಿದೆ. ನೇಹಾಳ ಪಾಸ್‌ವರ್ಡ್ ಹಾಕಿ ನಿಮ್ಮ ಪೋರ್ಟಲ್‌ಗೆ ಏರಿಸಿದೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಿತು. ಆಮೇಲೆ ಆರಿದ ಕಾಫಿಯನ್ನು ಬಿಸಿ ಮಾಡಿಕೊಂಡು ಕುಡಿದೆ, ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದಲೇ ಕುಡಿದೆ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಅರವತ್ತೆರಡು ಪುಟದ ನಿಮ್ಮ ಪರೀಕ್ಷಾ ನಿಯಮಾವಳಿಯನ್ನು, ಓದಬೇಕಾದ ಕಾಲಕ್ಕೆ ಓದದೆ, ಈಗ ಓದಿದ್ದೇನೆ. ಅನಾರೋಗ್ಯವನ್ನು ಆ ದಿನವೇ ಕಣ್ಣಾರೆ ಕಂಡ ವೈದ್ಯರೇ ಬರೆಯಬೇಕೆಂದಿದೆ. ಸರಿಯಾದ ನಿಯಮ. ಫ್ರಿಸ್ಕೋದ ವೈದ್ಯೆ ಅದೇ ಬೆಳಿಗ್ಗೆ ಜರ್ಮನಿಯ ರೋಗಿಯನ್ನು ‘ಸ್ವತಃ ಪರೀಕ್ಷಿಸಿದ್ದಾಳೆ’ ಎಂಬುದನ್ನು ನಿಮ್ಮ ಗುಮಾಸ್ತೆ ಮೊದಲ ನೋಟಕ್ಕೇ ಹಿಡಿದರಂತೆ. ಅವರ ಜಾಣ್ಮೆಗೆ ನಮಸ್ಕಾರ. ಆದರೆ ಅಷ್ಟು ಜಾಣರಿಗೆ ಇನ್ನೊಂದು ಪ್ರಶ್ನೆ ಯಾಕೆ ಹೊಳೆಯಲಿಲ್ಲ? ನೂರಾ ಮೂರು ಜ್ವರದಲ್ಲಿ ಹಾಸಿಗೆ ಹಿಡಿದವಳ ಖಾತೆಗೆ ಆ ಹೊತ್ತಿನಲ್ಲಿ ಅಮೆರಿಕದಿಂದ ಯಾರು ಒಳಹೊಕ್ಕರು ಎಂದು ನಿಮ್ಮ ಪೋರ್ಟಲ್ ನಿಮಗೆ ಹೇಳುವುದಿಲ್ಲವೇ? ಹಳದಿ ಲಕೋಟೆಯಲ್ಲಿ ನೋಟಿಸು ಕಳಿಸಿ, ತಲುಪಿದ ತಾರೀಖನ್ನು ಅಂಚೆಯವನ ಕೈಯಲ್ಲಿ ಲಕೋಟೆಯ ಮೇಲೆಯೇ ಬರೆಸುವಷ್ಟು ಕರಾರುವಾಕ್ಕಾದ ಕಚೇರಿ, ಇಷ್ಟನ್ನು ನೋಡಲಾರದೆ ಹೋಯಿತೇ?

ನೇಹಾಳಿಗೆ ಇದೆಲ್ಲ ಗೊತ್ತಾದದ್ದು ಆ ಲಕೋಟೆ ಒಡೆದಾಗ. ಉತ್ತರಿಸಲು ನೀವು ಎರಡು ವಾರ ಕೊಟ್ಟಿರಿ. ಅವಳು ಬರೆದದ್ದು ಎರಡೇ ವಾಕ್ಯ: ‘ಪ್ರಮಾಣಪತ್ರ ಸತ್ಯವಲ್ಲ. ಕ್ಷಮಿಸಿ.’ ಯಾರು ತಿದ್ದಿದರು ಎಂದು ಬರೆಯಲಿಲ್ಲ. ಬರೆದರೆ ಆಂಟಿಯ ವೈದ್ಯಕೀಯ ಲೈಸೆನ್ಸಿಗೆ ಏನಾದರೂ ಆದೀತೆಂದು ಹೆದರಿದಳಂತೆ. ಆ ಎರಡು ವಾಕ್ಯವನ್ನೇ ನೀವು ಒಪ್ಪಿಗೆ ಎಂದು ಕಡತಕ್ಕೆ ಸೇರಿಸಿದ್ದೀರಿ.

ಈ ವಿಷಯ ನನಗೆ ತಿಳಿದ ದಿನವೇ ಚಂದ್ರಪ್ರಭಾಗೆ ಹೇಳಿದೆ. ಅವಳು ತಿದ್ದಿದ ಕಾಗದವನ್ನು ಎರಡು ಸಲ ಓದಿದಳು. ‘ಮೂವತ್ತಾರು ವರ್ಷ ಆಯ್ತು ರೀ. ಮುಟ್ಟಿ ನೋಡದೇ ಇರೋ ಒಬ್ಬರಿಗೂ ನೋಡಿದ್ದೀನಿ ಅಂತ ಬರೆದಿಲ್ಲ ನಾನು’ ಎಂದಳು. ನಾಲ್ಕು ದಿನದ ಮೇಲೆ ಅವಳೇ ಬಂದು, ಸಹಿ ತನ್ನದಲ್ಲ ಎಂದು ನಿಮಗೆ ತಾನೂ ಬರೆದಿರುವುದಾಗಿ ಹೇಳಿದಳು. ಅವಳಿಗೆ ನಿಮ್ಮಿಂದ ಬಂದದ್ದು ಅದೇ ಎರಡು ಸಾಲು.

ಇರಣ್ಣನವರಿಗೆ ಹೇಳಲು ಕ್ಯಾರಲ್ಟನ್‌ಗೆ ಡ್ರೈವ್ ಮಾಡಿದೆ. ಅರ್ಧ ಗಂಟೆಯ ದಾರಿ. ಎರಡು ಸಲ ಗಾಡಿಯನ್ನು ಪಕ್ಕಕ್ಕೆ ಹಾಕಿ ವಾಪಸ್ ಹೋಗಿಬಿಡಲೇ ಎಂದು ಯೋಚಿಸಿದೆ. ಅವರು ಅಂಗಡಿಯ ಹಿಂದಿನ ಅಂಗಳದಲ್ಲಿ ಕಲ್ಲಿನ ಚಪ್ಪಡಿ ತೊಳೆಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡರು.

‘ಒಂದ್ ಮಾತ್ ಕೇಳ್ತೀನ್ರಿ ಸರ. ಆಕಿ ದವಾಖಾನಿಗೆ ಹೋಗ್ತೀನಿ ಅಂದಿದ್ಲೇನ್ರಿ?’

‘ಅಂದಿದ್ಲು.’

‘ನೀವು ಬ್ಯಾಡ ಅಂದ್ರಿ.’

‘ಹೌದು.’

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಚಪ್ಪಡಿಯ ಮೇಲೆ ಅಂಗೈ ಊರಿ ನಿಂತು, ನನ್ನನ್ನು ನೋಡದೆ ಹೇಳಿದರು: ‘ತಪ್ಪು ನಂದs ರಿ. ಏರ್‌ಪೋರ್ಟ್‌ನ್ಯಾಗ ಆಕಿಗೆ ನಾನs ಹೇಳಿದ್ದೆ, ಸರ್ ಹೇಳಿದ್ಹಂಗ ಕೇಳು, ನಿನ್ನ ಶ್ಯಾಣ್ಯಾತನ ತೋರಿಸಬ್ಯಾಡ ಅಂತ.’ ಹೊರಡುವಾಗ ಅವರ ಹೆಂಡತಿ ಸುಮಿತ್ರವ್ವ ಏನೂ ತಿಳಿಯದೆ ಕೈಗೆ ರೊಟ್ಟಿಯ ಗಂಟು ಕೊಟ್ಟರು. ಇಸಿದುಕೊಂಡು ಬಂದೆ. ಅದನ್ನು ತಿನ್ನಲು ನನ್ನಿಂದ ಆಗಲಿಲ್ಲ.

ನೋಡಿ ಅಧ್ಯಕ್ಷರೇ, ತಪ್ಪು ತಮ್ಮದೆಂದು ಒಬ್ಬ ಅಪ್ಪ ಹೇಳುತ್ತಿದ್ದಾರೆ. ತನ್ನದೆಂದು ಒಬ್ಬ ಹುಡುಗಿ ಬರೆದುಕೊಟ್ಟಿದ್ದಾಳೆ. ಆ ನಾಲ್ಕು ಸಾಲನ್ನೂ ಟೈಪ್ ಮಾಡಿ ಕೊಡಬಾರದಿತ್ತು ಎಂದು ಒಬ್ಬ ವೈದ್ಯೆ ಕೊರಗುತ್ತಿದ್ದಾಳೆ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಸತ್ಯವಾಗಿದ್ದರೆ ಉಣ್ಣಬೇಕಾದವನು ನಾನೊಬ್ಬನೇ. ನನ್ನ ಎಲೆಯ ಮುಂದೆ ಅವರೆಲ್ಲ ಕೂತಿದ್ದಾರೆ. ನನಗೆ ಕೆಡುಕಿನ ಉದ್ದೇಶ ಇರಲಿಲ್ಲ ಎಂದು ಹೇಳಿಕೊಳ್ಳಬಹುದು, ಇರಲಿಲ್ಲ ಕೂಡ. ಗೊತ್ತಿಲ್ಲ ಎನ್ನುವ ಒಂದು ಮಾತು ಹೇಳಿದ್ದರೆ ನನ್ನ ದೊಡ್ಡಸ್ತಿಕೆಗೆ ಕುಂದಾಗುತ್ತಿತ್ತು, ಅದಕ್ಕೆ ಹೇಳಲಿಲ್ಲ. ಅಷ್ಟೇ.

ಈ ಪತ್ರ ಬರೆಯುವ ಮೊದಲು ನೇಹಾಳನ್ನು ಕೇಳಿದೆ. ಅವಳ ವಿಷಯದಲ್ಲಿ ನಾನು ಅವಳನ್ನು ಕೇಳಿ ಮಾಡುತ್ತಿರುವ ಮೊದಲ ಕೆಲಸ ಇದು. ಫೋನಿನಲ್ಲಿ ಅವಳು ಹೇಳಿದಳು: ‘ಬರೀರಿ ಅಂಕಲ್. ಆದ್ರ ನನ್ನ ಪರವಾಗಿ ಬರೀಬ್ಯಾಡ್ರಿ. ನೀವು ಏನು ಮಾಡಿದ್ರಿ, ಅಷ್ಟs ಬರೀರಿ.’

ಅಷ್ಟನ್ನೇ ಬರೆದಿದ್ದೇನೆ. ಈಗ ನನ್ನ ಬೇಡಿಕೆ. ಕರುಣೆಯನ್ನು ಕೇಳುತ್ತಿಲ್ಲ. ಅವಳು ಪರೀಕ್ಷೆಗೆ ಬರಲಿಲ್ಲ, ಸರಿಯಾದ ಚೀಟಿ ಇಲ್ಲ. ನಿಮ್ಮ ನಿಯಮದಂತೆ ಅದು ಫೇಲ್. ಹಾಗೆಯೇ ಬರೆಯಿರಿ, ಪಾಸ್‌ವರ್ಡ್ ಕೊಟ್ಟದ್ದಕ್ಕೆ ಎಚ್ಚರಿಕೆಯನ್ನೂ ಕೊಡಿ, ಅವಳು ಒಪ್ಪುತ್ತಾಳೆ. ಆದರೆ ಅವಳ ಕಡತದಿಂದ ‘ವಂಚನೆ’ ಎಂಬ ಪದವನ್ನು ತೆಗೆಯಿರಿ. ಅದನ್ನು ಎಲ್ಲಾದರೂ ಬರೆಯಲೇಬೇಕಿದ್ದರೆ ಮುರಳೀಧರ ಎಂಬ ಹೆಸರಿನ ಮುಂದೆ ಬರೆಯಿರಿ. ಆ ಹೆಸರಿಗೆ ನಿಮ್ಮಲ್ಲಿ ಕಡತ ಇಲ್ಲದಿದ್ದರೆ ಒಂದು ತೆರೆಯಿರಿ. ನಿಮ್ಮ ಸಭೆಯ ದಿನ ನಾನು ಆ ಊರಿಗೆ ಬಂದು ನಿಮ್ಮ ಕೊಠಡಿಯ ಹೊರಗೆ ಕೂತಿರುತ್ತೇನೆ, ಕರೆದರೆ ಒಳಗೆ ಬಂದು ಇದನ್ನೇ ಬಾಯಲ್ಲಿ ಹೇಳುತ್ತೇನೆ. ಹೀಟ್ ಟ್ರಾನ್ಸ್‌ಫರ್ ಪರೀಕ್ಷೆ ಸೆಪ್ಟೆಂಬರಿನಲ್ಲಿ ಮತ್ತೆ ನಡೆಯುತ್ತದಂತೆ. ಅದಕ್ಕೆ ಅವಳು ಕೂರುವಂತಾಗಲಿ. ಯಾವ ತಾರೀಖು ಎಂದು ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ಇಂತಿ,
ಬುದ್ಧಿ ಹೇಳುವ ಕೆಲಸದಿಂದಲೂ ಈಗ ನಿವೃತ್ತನಾದ
ಮುರಳೀಧರ
ಫ್ರಿಸ್ಕೋ, ಟೆಕ್ಸಸ್