ನೀರಿಗಿಳಿದ ಧಾರೆ ಸೀರೆ

ಸ್ಯಾಲಿಸ್‌ಬರಿ, ಅಡಿಲೇಡ್
೧೪ ಅಕ್ಟೋಬರ್ ೨೦೧೬

ಚಿ. ಸೌ. ಸೌಮ್ಯಾಳಿಗೆ ನಿನ್ನ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದಗಳು.

ಪರ್ತ್‌ನ ನಿಮ್ಮ ಮನೆಯಿಂದ ಇಲ್ಲಿ ಮಗಳ ಮನೆಗೆ ಬಂದು ವಾರವಾಯಿತು. ಎದುರಿಗಿದ್ದಾಗ ನಿನ್ನನ್ನು ಹೊಗಳಲು ಬಾಯಿ ಬರಲಿಲ್ಲ. ಅತ್ತೆಯ ಬಿಗುಮಾನ ಅಂದುಕೋ. ಅದಕ್ಕೇ ಈ ಕಾಗದ.

ಕ್ಯಾನಿಂಗ್ಟನ್‌ನ ನಿನ್ನ ಡ್ರೈಕ್ಲೀನಿಂಗ್ ಅಂಗಡಿಗೆ ಹಿಂದಿನ ಸಲ ಬಂದಾಗ ತಲೆ ಸುತ್ತಿಸುವ ಘಾಟು. ಹಿಂದುಗಡೆ ಕೆಮಿಕಲ್ ಕೊಳಕು ತುಂಬಿದ ಡ್ರಮ್ಮುಗಳು. ಈ ಸಲ ಎರಡೂ ಇರಲಿಲ್ಲ. ನೀನು ಹಳೆಯ ಮೆಷಿನ್ ತೆಗೆಸಿ, ನೀರಿನಲ್ಲೇ ಹದವಾಗಿ ರೇಷ್ಮೆ ಒಗೆಯುವ ಮೆಷಿನ್ ಹಾಕಿಸಿದ್ದೆ. ಸೆರಗಿನ ಒಳ ಅಂಚಿಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಬಿಡುವ ಸೀರೆಯನ್ನು ಹಾಗೇ ವಾಪಸ್ಸು ಕೊಡುತ್ತಿದ್ದೆ.

ಆದರೆ ನಮ್ಮ ಹೆಂಗಸರು ಬಿಡಬೇಕಲ್ಲ! ರೇಷ್ಮೆಗೆ ನೀರು ಸೋಕಿದರೆ ಕೆಟ್ಟಿತು ಎಂದೇ ಬೆಳೆದವರು ನಾವು. ನಿನ್ನ ಹಳೆಯ ಗಿರಾಕಿ ಇಂದುಮತಿ ಸೀರೆಯನ್ನು ಮೂಗಿಗೆ ಹಿಡಿದು, "ಒಗ್ದೇ ಇಲ್ವಲ್ಲ ಸೌಮ್ಯಾ, ಡ್ರೈಕ್ಲೀನ್ ವಾಸ್ನೆನೇ ಬರ್ತಿಲ್ಲ" ಎಂದರು. "ಆಂಟಿ, ಅದು ಕ್ಲೀನ್ ಆಗಿರೋ ವಾಸ್ನೆ ಅಲ್ಲ, ಕೆಮಿಕಲ್‌ದು" ಎಂದು ನೀನು ಎಷ್ಟು ಹೇಳಿದರೂ ಅವರ ಮುಖ ಸಡಿಲಲಿಲ್ಲ. ಅವರ ಹಿಂದೆಯೇ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಹಳೆಯ ಮೆಷಿನ್ನೇ ತರಿಸೋಣವೆಂದು ನನ್ನ ಮಗ ಅಂದಾಗ ನೀನು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ: "ದಿನಾ ಅದನ್ನ ಉಸಿರಾಡೋರು ನಾವು, ಶಶಾಂಕ್. ಬೇಕಾದ್ರೆ ಅಂಗಡಿ ಮುಚ್ತೀನಿ, ಆ ಡ್ರಮ್ ಮಾತ್ರ ಮತ್ತೆ ಬರಲ್ಲ."

ಮಾರನೆಯ ದಿನ ಇಂದುಮತಿಯನ್ನು ಅಂಗಡಿಗೆ ಕರೆಸಿ, ಅವರ ಕಣ್ಣೆದುರೇ ನನ್ನ ಧಾರೆ ಸೀರೆಯನ್ನು ನಿನ್ನ ಕೈಗಿಟ್ಟೆ. ನಲವತ್ತು ವರ್ಷ ನೀರು ಕಾಣದ ಸೀರೆ. ನೀನು ಸೆರಗಿಗೆ ಒದ್ದೆ ಬಟ್ಟೆ ಒತ್ತಿ ನೋಡಿ ಮೆಷಿನ್ನಿಗೆ ಹಾಕಿದೆ. ಮೆಷಿನ್ ನಿಲ್ಲುವವರೆಗೂ ನಾನು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ, ಈಗ ಹೇಳುತ್ತೇನೆ. ಸೀರೆ ಹೊರಬಂದಾಗ ಬಣ್ಣ ಒಂದಿಷ್ಟೂ ಕದಡಿರಲಿಲ್ಲ, ಜರಿ ಮಿರಿಮಿರಿ ಮಿಂಚುತ್ತಿತ್ತು. ಗೌರಿ ಹಬ್ಬಕ್ಕೆ ಅದನ್ನೇ ಉಟ್ಟು, ಬೇಕೆಂದೇ ಎಲ್ಲರ ಮಧ್ಯೆ ಓಡಾಡಿದೆ. ಮರುವಾರ ಇಂದುಮತಿಯೇ ಮಗಳ ಮದುವೆ ಸೀರೆಗಳನ್ನು ಹೊತ್ತು ತಂದರು.

ನನಗೆ ಎಷ್ಟು ಹೆಮ್ಮೆಯೆಂದರೆ, ಕೇಳು. ಇಷ್ಟು ವರ್ಷ ಯಾರು ಪರಿಚಯ ಕೇಳಿದರೂ ನಾನು ಇಂಜಿನಿಯರ್ ಶಶಾಂಕನ ತಾಯಿ ಎಂದೇ ಹೇಳಿಕೊಳ್ಳುತ್ತಿದ್ದೆ. ಮೊನ್ನೆ ಇಲ್ಲಿ ನವರಾತ್ರಿಯ ಅರಿಶಿನ ಕುಂಕುಮಕ್ಕೆ ಹೋದಾಗ ಒಬ್ಬಾಕೆ, "ನೀವು ಯಾರ ಕಡೆಯವ್ರು ಆಂಟಿ?" ಎಂದಳು. ಬಾಯಿಗೆ ತಾನಾಗಿ ಬಂತು: "ನಾನು ಸೌಮ್ಯಾ ಅತ್ತೆ ಕಣಮ್ಮ."

ನಿನ್ನ ಕೈಗೂ ಉಸಿರಿಗೂ ದೇವರು ನೂರು ವರ್ಷ ಶಕ್ತಿ ಕೊಡಲಿ.

ಇಂತಿ ನಿನ್ನ ಅತ್ತೆ,
ಇಂದಿರಮ್ಮ