ಪೂರ್ವದ ಕೊಂಬೆಗಳ ಚಿಗುರು

ಫೆಂಗ್‌ಹ್ವಾಂಗ್ ಬೆಟ್ಟ, ಛಾವ್‌ಚೌ
ಏಪ್ರಿಲ್ ೧೨, ೧೯೮೪

ಪ್ರೀತಿಯ ತಮ್ಮ ಹಾಕ್‌ಬುನ್‌ನಿಗೆ,

ನಿನ್ನ ಎದೆನೋವು ಈಗ ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ಉಸಿರು ಕಟ್ಟುತ್ತದೆಯೇ? ನಿನ್ನ ಹೆಂಡತಿ ವಿಲೈಳ ಮಂಡಿನೋವು, ಮೊಮ್ಮಗಳು ಮಾಲಿಯ ಕೆಮ್ಮು, ಎಲ್ಲದರ ಬಗ್ಗೆಯೂ ಬರೆ. ಇಲ್ಲಿ ನಿನ್ನ ಅತ್ತಿಗೆ ಸೋಕ್‌ಹಿಯಾಂಗ್ ಗಟ್ಟಿಯಾಗಿದ್ದಾಳೆ, ಬಾಯಿಯಂತೂ ಇನ್ನೂ ಗಟ್ಟಿ. ನನಗೆ ಕಣ್ಣು ಮಂಜು. ಸಾಲು ಡೊಂಕಾದರೆ ಬೈಯಬೇಡ. ಶಾಲೆಗೆ ಹೋದವನು ನೀನು, ನಾನು ಚಹಾ ಡಬ್ಬಿಗಳ ಮೇಲಿನ ಹೆಸರು ನೋಡಿ ಅಕ್ಷರ ಕಲಿತವನು.

ತಾತ ಹೇಳುವ ಚಹಾ ಬ್ಯಾಂಕಾಕಿನ ನಮ್ಮ ಅಂಗಡಿಯಲ್ಲಿ ಯಾಕಿಲ್ಲ ಅಂತ ಮಾಲಿ ಕೇಳಿದಳಂತೆ. ಎಲ್ಲ ಚಹಾವೂ ಒಂದೇ ಜಾತಿಯ ಗಿಡ ಅಂತ ಅವಳಿಗೆ ಹೇಳು. ಅದರ ತವರು ಯುನ್ನಾನಿನ ಕಾಡು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅಲ್ಲಿಂದ ಕುದುರೆಗಳ ಬೆನ್ನೇರಿ ಟಿಬೆಟ್ಟಿಗೆ ಹೋಯಿತು, ನಮ್ಮ ಕಡಲ ಹಡಗು ಹತ್ತಿ ಬಿಳಿಯರ ದೇಶಕ್ಕೂ ಹೋಯಿತು, ನಿನ್ನಂಥವರ ಗಂಟಿನಲ್ಲಿ ನೀನಿರುವ ಸಯಾಮಿಗೂ ಬಂತು. ಕಿತ್ತ ಮೇಲೆ ಏನು ಮಾಡುತ್ತೇವೆ ಅನ್ನುವುದರಲ್ಲಿದೆ ಎಲ್ಲ. ಹಾಂಗ್‌ಚೌ ಕಡೆಯವರು ಬೇಗನೆ ಬಾಣಲೆಗೆ ಹಾಕುತ್ತಾರೆ, ಹಸಿರಾಗಿಯೇ ಉಳಿಯುತ್ತದೆ. ಫುದಿಂಗಿನವರು ಬಿಸಿಲು ಗಾಳಿಗೆ ಬಾಡಿಸಿ ಒಣಗಿಸುತ್ತಾರೆ, ಅದು ಬಿಳಿ ಚಹಾ. ವೂಯಿ ಬೆಟ್ಟದವರ ಕೆಂಪು ಚಹಾದಲ್ಲಿ ಎಲೆ ಪೂರ್ತಿ ಕೆಂಪಾಗಬೇಕು. ಯುನ್ನಾನಿನವರು ಬಿಲ್ಲೆ ಒತ್ತಿ ವರ್ಷಗಟ್ಟಲೆ ಇಟ್ಟು ಕಪ್ಪಾಗಿಸುತ್ತಾರೆ. ನಮ್ಮದು ಅಂಚು ಕೆಂಪು, ನಡು ಹಸಿರು. ಅದರಲ್ಲೂ ನಾವು ಒಂದು ಮರದ ಎಲೆಯನ್ನು ಇನ್ನೊಂದರ ಜೊತೆ ಬೆರೆಸುವುದಿಲ್ಲ. ಅಪ್ಪನ ಮರದ ಆ ಶುಂಠಿ ಹೂವಿನ ವಾಸನೆ ನಿನ್ನ ಅಂಗಡಿಯ ಡಬ್ಬಿಗೆ ಎಲ್ಲಿಂದ ಬರಬೇಕು?

ಈಗ ಆ ಮರದ ಮಾತು. ಕಣ್ಣು ಮುಚ್ಚುವ ಮೊದಲು ಒಮ್ಮೆ ಅದರ ಚಹಾ ಕುಡಿಯಬೇಕು ಅಂತ ಬರೆದಿದ್ದೀಯ. ಎಲ್ಲರ ಮರಗಳನ್ನೂ ಒಟ್ಟಿಗೆ ಸೇರಿಸಿಕೊಂಡ ಕಮ್ಯೂನಿನ ಕಾಲದಲ್ಲಿ ಬೇಸಿಗೆ, ಚಳಿ ನೋಡದೆ ಅದನ್ನು ಬೋಳಿಸಿದರು. ನಮ್ಮ ಕೈಗೆ ಮರಳುವ ಹೊತ್ತಿಗೆ ಪಶ್ಚಿಮದ ಕೊಂಬೆಗಳು, ಅಂದರೆ ನನ್ನ ಪಾಲು, ಒಣಗಿದ್ದವು. ಚಿಗುರಿರುವುದು ಪೂರ್ವದಲ್ಲಿ ಮಾತ್ರ, ಅಪ್ಪ ನಿನಗೆ ಕೊಟ್ಟ ಕಡೆ. ಒಬ್ಬನ ಕೊಂಬೆಗೆ ಇನ್ನೊಬ್ಬ ಕೇಳದೆ ಕೈ ಹಾಕಬಾರದು ಅಂತ ಅಪ್ಪ ಹೇಳಿದ್ದು ನಿನಗೂ ನೆನಪಿರಬೇಕು. ಗಾಳಿಗೆ ಮುರಿದು ಬಿದ್ದ ಕಡ್ಡಿ ನೆಟ್ಟು ನೋಡಿದೆ, ಒಂದೂ ಬೇರು ಬಿಡಲಿಲ್ಲ. ಮರ ನೋಡಲು ಬಂದ ಮೇಲಿನೂರಿನ ಮುದುಕ, "ಮೂರು ನಾಲ್ಕು ವರ್ಷ ಮುಟ್ಟದೆ ಬಿಟ್ಟರೆ ಉಳಿದರೂ ಉಳಿದೀತು. ಈ ಸಲ ಕಿತ್ತರೆ ಮತ್ತೆ ಚಿಗುರೋದಿಲ್ಲ, ನೋಡಪ್ಪ" ಅಂದ. ಮೂರು ನಾಲ್ಕು ವರ್ಷ ಅಂದಾಗ ನನಗೆ ನೆನಪಾದದ್ದು ನಿನ್ನ ಎದೆ.

ಉಳಿದಿರುವ ಮರ ನಿನ್ನದು, ನೀನೇ ಹೇಳಬೇಕು. ನಿನ್ನ ಅತ್ತಿಗೆಯದು ಒಂದೇ ರಾಗ: "ಸಯಾಮಿಂದ ಉತ್ತರ ಬರೋ ಹೊತ್ತಿಗೆ ಚಿಗುರು ಬಲಿತು ಪೊರಕೆ ಕಡ್ಡಿ ಆಗಿರುತ್ತೆ. ಆಮೇಲೆ ಅಣ್ಣ ತಮ್ಮ ಇಬ್ಬರೂ ಅದರಲ್ಲಿ ಅಂಗಳ ಗುಡಿಸಿ." ಬೈದು ಮುಗಿಸಿ, ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಹೇಗೂ ಚಿಂಗ್‌ಮಿಂಗ್ ಹಬ್ಬದಿಂದ ಬಿಡದೆ ಮಳೆ, ಬಿಸಿಲಿಲ್ಲದೆ ನಾವು ಕೀಳುವುದಿಲ್ಲ. ಕಾಯುವುದಕ್ಕೆ ನನಗೆ ಅದೊಂದು ನೆಪ.

ಹಬ್ಬದ ದಿನ ಅಪ್ಪ ಅಮ್ಮನ ಸಮಾಧಿಯ ಹುಲ್ಲು ತೆಗೆದು ನಿನ್ನ ಹೆಸರಿನಲ್ಲೂ ಊದುಬತ್ತಿ ಹಚ್ಚಿದೆ. ವಿಲೈಗೆ, ಮಕ್ಕಳಿಗೆ, ಮಾಲಿಗೆ ನಮ್ಮಿಬ್ಬರ ಆಶೀರ್ವಾದ. ಮಲಗುವಾಗ ಎದೆಗೆ ಬೆಚ್ಚಗೆ ಹೊದ್ದುಕೋ.

ನಿನ್ನ ಅಣ್ಣ,
ಹಾಕ್‌ಸೆಂಗ್

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಮೊದಲೇ ಮೋಡ ಸರಿದು ಬಿಸಿಲು ಬಿತ್ತು, ಜೊತೆಗೆ ಉತ್ತರ ದಿಕ್ಕಿನ ಒಣ ಗಾಳಿ. ಇಂಥ ಮಧ್ಯಾಹ್ನ ಇನ್ನು ಈ ಚಿಗುರಿಗೆ ಸಿಗುವುದಿಲ್ಲ. ಏಣಿ ಹಾಕಿ ಕಿತ್ತುಬಿಟ್ಟೆ ತಮ್ಮಾ, ನಿನ್ನನ್ನು ಕೇಳದೆ, ಪೂರ್ವದ್ದೆಲ್ಲ. ನಿನ್ನ ಅತ್ತಿಗೆ ಬುಟ್ಟಿ ಹಿಡಿದು ನಿಂತಿದ್ದಳು. ಎಲೆ ಬಿದಿರ ತಟ್ಟೆಯಲ್ಲಿ ಬಾಡುತ್ತಿದೆ, ಅಂಚು ಕೆಂಪಾಗುವಂತೆ ಅಲ್ಲಾಡಿಸಲು ಹೋಗಬೇಕು. ಹುರಿದು, ಇದ್ದಿಲ ಕಾವಿನಲ್ಲಿ ಹದಕ್ಕೆ ತಂದು, ನಿನ್ನ ಕಡೆ ಹೊರಟವರ ಕೈಗೆ ಕೊಡುವ ಹೊತ್ತಿಗೆ ನಾಲ್ಕೈದು ತಿಂಗಳಾಗಿ ಇಲ್ಲಿಯ ಬೇಸಿಗೆ ಮುಗಿಯುತ್ತದೆ. ಬಂದಾಗ ಎತ್ತಿಡಬೇಡ, ಎಲ್ಲ ಕುಡಿ. ಅಲ್ಲಿಯವರೆಗೆ ನೀನು ಇರಬೇಕು. ಇದ್ದೇನೆ ಅಂತ ಎರಡು ಸಾಲು ಬೇಗ ಬರೆ.